ಬಾಚಿದ್ದು ಬೇರೆ, ಬದಲಿಸಿದ್ದು ಬೇರೆ

ಆ ಆಫೀಸಿನಲ್ಲಿ ಅವಳನ್ನು ಎಲ್ಲರೂ ಅತ್ತೆ ಎನ್ನುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಸೊಸೆಯ ಮಾತು ಹಾಗಿರಲಿ, ಅವಳಿಗೆ ಗಂಡನೇ ಇರಲಿಲ್ಲ. ಮದುವೆಯ ಗೊಡವೆಗೆ ಹೋಗದೆ ನಡುವಯಸ್ಸು ದಾಟಿದವಳು. ಆದರೂ ಹೆಸರು ಅಳತೆ ಕೊಟ್ಟು ಹೊಲಿಸಿದಂತೆ ಕೂತಿತ್ತು. ಬೇರೆಯವರ ಕೆಲಸದಲ್ಲಿ ಹುಳುಕು ಹುಡುಕುವುದಕ್ಕೇ ಅವಳಿಗೆ ಸಂಬಳ. ಸಂಬಳ ಕೊಡದಿದ್ದರೂ ಅವಳು ಅದನ್ನೇ ಮಾಡುತ್ತಿದ್ದಳು, ಆ ಮಾತು ಬೇರೆ.

ಕಂಪನಿ ದೊಡ್ಡದೇನಲ್ಲ. ಮೂರನೇ ಮಹಡಿಯಲ್ಲಿ ಉದ್ದನೆಯ ಒಂದು ಹಾಲ್, ಕಿಟಕಿಯಾಚೆ ಟೈರ್ ಅಂಗಡಿಯ ತುಕ್ಕು ಹಿಡಿದ ತಗಡು, ಮೂಲೆಯಲ್ಲಿ ಸದಾ ಗುರ್ ಎನ್ನುವ ನೀರಿನ ಯಂತ್ರ. ಮೀನು, ಮಾಂಸ, ಔಷಧಿ ಇಡುವ ಶೀತಲ ಗೋದಾಮುಗಳಿಗೆ ಪ್ರೋಗ್ರಾಂ ಬರೆದುಕೊಡುವುದು ಅವರ ಕಸುಬು. ಒಳಗೆ ಚಳಿ ಎಷ್ಟಿದೆ, ಬಾಗಿಲು ಮುಚ್ಚಿದೆಯೇ, ಒಳಗೆ ಹೋದ ಆಳು ಹೊರಗೆ ಬಂದನೇ, ಬಾರದಿದ್ದರೆ ಕಾವಲುಗಾರನ ಕೋಣೆಯಲ್ಲಿ ಗಂಟೆ ಹೊಡೆಯಬೇಕೇ, ಇವೆಲ್ಲ ಆ ಪ್ರೋಗ್ರಾಂನ ಜವಾಬ್ದಾರಿ. ಅದರಲ್ಲಿ ಯಾರು ಏನು ಮುಟ್ಟಿದರೂ, ಮುಟ್ಟಿದ್ದನ್ನೆಲ್ಲ ಒಂದು ಕಟ್ಟು ಮಾಡಿ ಅತ್ತೆಗೆ ಕಳಿಸಬೇಕು. ಅವಳ ಪರದೆಯ ಎಡಗಡೆ ಹಳೆಯದು, ಬಲಗಡೆ ಹೊಸದು, ಬದಲಾದ ಸಾಲಿಗೆ ಬಣ್ಣ. ಅವಳು ಒಪ್ಪಿದರೆ ಕಟ್ಟು ಮುಂದಕ್ಕೆ, ಇಲ್ಲದಿದ್ದರೆ ಬರೆದವರ ಮುಖಕ್ಕೆ.

ಅತ್ತೆಯದು ಒಂದು ಶಾಸನವಿತ್ತು. ಪ್ರೋಗ್ರಾಂ ಬರೆಯುವವರಲ್ಲಿ ಒಂದು ಚಟ ಉಂಟು. ಒಂದು ಸಾಲು ಸರಿಮಾಡಲು ಫೈಲ್ ತೆರೆದವರು, ಅಕ್ಕಪಕ್ಕದ ಸಾಲುಗಳು ಓರೆಕೋರೆಯಾಗಿರುವುದನ್ನು ಕಂಡು ಕೈ ತಡೆಯಲಾರದೆ ಅವನ್ನೂ ನೇರ ಮಾಡಿಬಿಡುತ್ತಾರೆ. ಅಲ್ಲೊಂದು ಖಾಲಿ ಜಾಗ ಸೇರಿಸಿ, ಇಲ್ಲೊಂದು ತೆಗೆದು, ಉದ್ದದ್ದನ್ನು ಮುರಿದು. ಕೆಲಸ ಏನೂ ಬದಲಾಗುವುದಿಲ್ಲ, ನೋಟ ಮಾತ್ರ. ಆದರೆ ಅತ್ತೆಯ ಪರದೆಯಲ್ಲಿ ಇಡೀ ಫೈಲ್ ಬಣ್ಣ ಬಳಿದುಕೊಂಡು ಬರುತ್ತದೆ. ಆ ಬಣ್ಣದ ರಾಶಿಯೊಳಗೆ ನಿಜವಾಗಿ ಬದಲಾದ ಆ ಒಂದು ಸಾಲನ್ನು ಹುಡುಕುವವರು ಯಾರು? ಅದಕ್ಕೇ ಅವಳ ಶಾಸನ: ಬಾಚಿದ್ದು ಬೇರೆ ಕಟ್ಟು, ಬದಲಿಸಿದ್ದು ಬೇರೆ ಕಟ್ಟು. ಎರಡನ್ನೂ ಬೆರೆಸಿದವರ ಕಟ್ಟನ್ನು ಓದುವುದೂ ಇಲ್ಲ. 'ಬೇರೆ ಮಾಡಿ ತನ್ನಿ' ಎಂದು ಬರೆದು ತಳ್ಳಿಬಿಡುತ್ತಿದ್ದಳು.

ಶಾಸನ ಸರಿಯಾದದ್ದೇ. ಲೋಕದಲ್ಲಿ ಈ ಕೆಲಸ ಬಲ್ಲವರೆಲ್ಲ ಅದನ್ನೇ ಹೇಳುತ್ತಾರೆ. ಸರಿಯಾದ ನಿಯಮ ಸಿಕ್ಕಿಬಿಟ್ಟರೆ ಕೆಲವರಿಗೆ ಮನುಷ್ಯರು ಬೇಕಾಗುವುದಿಲ್ಲ, ಅತ್ತೆ ಆ ಪೈಕಿ.

ಬಾಚುವುದು ಎಂಬ ಮಾತನ್ನು ಆಫೀಸಿಗೆ ತಂದವಳೂ ಅವಳೇ. ಅವಳ ಅಮ್ಮ ಬಟ್ಟೆ ಒಗೆಯುವ ಅಂಗಡಿಯಲ್ಲಿ ಕೆಲಸಕ್ಕಿದ್ದವಳು, ಬೆಳಕು ಹರಿಯುವ ಮುಂಚೆ ಹೋಗಿಬಿಡುತ್ತಿದ್ದಳು. ತಂಗಿಯನ್ನು ಶಾಲೆಗೆ ಸಿದ್ಧ ಮಾಡುವುದು ಅಕ್ಕನಾದ ಇವಳ ಪಾಲಿಗೆ. ತಂಗಿಯದು ಒತ್ತು ಕೂದಲು, ಸಿಕ್ಕು ಜಾಸ್ತಿ. ಅಕ್ಕ ಮಂಡಿಯ ನಡುವೆ ಅವಳ ತಲೆ ಹಿಡಿದು ಬಾಚಿ ಜಡೆ ಹೆಣೆಯುತ್ತಿದ್ದಳು. ಎಲ್ಲಾದರೂ ಒಂದು ಎಳೆ ಆಚೆ ಬಂದರೆ ಪೂರ್ತಿ ಬಿಚ್ಚಿ ಮತ್ತೆ ಮೊದಲಿಂದ. "ಅತ್ರೆ ಇನ್ನೊಂದ್ಸಲ ಬಿಚ್ತೀನಿ," ಎನ್ನುತ್ತಿದ್ದಳು. ತಂಗಿ ಅಳುವುದನ್ನು ಬಿಟ್ಟಳು. ಅಕ್ಕ ಅದನ್ನು ತನ್ನ ಶಿಕ್ಷಣದ ಫಲ ಎಂದುಕೊಂಡಳು.

ಆ ತಂಗಿಯ ಗಂಡ ಬೇರೆ ಸಂಸಾರ ಹೂಡಿದ. ತಂಗಿ ಒಂದು ಸೂಟ್‌ಕೇಸ್ ಹಿಡಿದು ಅಕ್ಕನ ಮನೆಗೆ ಬಂದಳು. ಅಕ್ಕ ಬಾಗಿಲು ತೆರೆದಳು, ಹಿಂದಿನ ಕೋಣೆ ಕೊಟ್ಟಳು, ಪ್ರೋಗ್ರಾಂ ಕಲಿಯುವ ತರಗತಿಗೆ ಸೇರಿಸಿದಳು, ಕಲಿತ ಮೇಲೆ ತನ್ನ ಆಫೀಸಿಗೇ ಸೇರಿಸಿಕೊಂಡಳು. ಇಷ್ಟು ಮಾಡಿದ್ದು ಸುಳ್ಳಲ್ಲ. ಮಾಡಿದ್ದನ್ನು ದಿನಕ್ಕೊಂದು ಸಲ ನೆನಪಿಸಿದ್ದೂ ಸುಳ್ಳಲ್ಲ. ಬಟ್ಟೆ ಒಗೆಯುವ ಯಂತ್ರದ ಪಕ್ಕ ಒಂದು ಮಂಚ, ಅದೇ ತಂಗಿಯ ಕೋಣೆ. ಸ್ನಾನಕ್ಕೆ ಹೋದರೆ ಅಕ್ಕ ಬಾಗಿಲ ಹೊರಗೆ ನಿಂತು, "ನೀರು ಇನ್ನೂ ಎಷ್ಟು ಹೊತ್ತು?" ಎನ್ನುವಳು. ಚಮಚ ತೊಳೆದು ಇಟ್ಟರೆ ಎತ್ತಿ ಬೆಳಕಿಗೆ ಹಿಡಿದು ನೋಡುವಳು.

ತಂಗಿಗೆ ಬೇಕಾಗಿದ್ದದ್ದು ಒಂದೇ. ಕೆಲಸ ಕಾಯಂ ಆಗಬೇಕು. ಔಷಧಿ ಅಂಗಡಿಯ ಮೇಲೆ ಒಂದು ಕೋಣೆ ನೋಡಿಟ್ಟಿದ್ದಳು. ಒಂದೇ ಕಿಟಕಿ, ಅಡುಗೆಗೆ ಒಂದು ಕಟ್ಟೆ, ಬಾಗಿಲಿಗೆ ತನ್ನದೇ ಬೀಗ. "ಕಾಯಂ ಕೆಲ್ಸ ಇದ್ರೆ ಬನ್ನಿ, ಈ ತಾತ್ಕಾಲಿಕದವರ ಸಹವಾಸ ನಂಗೆ ಸಾಕಾಗಿದೆ," ಎಂದಿದ್ದ ಮನೆ ಮಾಲೀಕ. ಅವಳು ಆ ರಸ್ತೆಯಲ್ಲಿ ಸುಮ್ಮನೆ ಸುತ್ತು ಹಾಕಿ ಆ ಕಿಟಕಿಯನ್ನು ನೋಡಿ ಬರುತ್ತಿದ್ದಳು. ಇದು ಅಕ್ಕನಿಗೂ ಗೊತ್ತಿತ್ತು, ಹೇಳದಿದ್ದರೂ. ಗೊತ್ತಾದದ್ದು ಅವಳಿಗೆ ಸೇರಲಿಲ್ಲ. ತಂಗಿ ಬಂದ ಮೇಲೆ ಸಂಜೆ ಮನೆಗೆ ಬಂದರೆ ದೀಪ ಹತ್ತಿರುತ್ತಿತ್ತು, ಗದರಲು ಒಬ್ಬರು ಇರುತ್ತಿದ್ದರು. ಅದು ಅವಳಿಗೆ ಹಿತವಾಗಿತ್ತು. ಹಿತವಾಗಿದೆ ಎಂದು ಒಮ್ಮೆ ಬಾಯಿಬಿಟ್ಟು ಹೇಳಿದ್ದರೆ ಏನೋ ಆಗುತ್ತಿತ್ತು. ಅವಳ ಬಾಯಿಗೆ ಆ ಅಭ್ಯಾಸವಿರಲಿಲ್ಲ.

ಆಫೀಸಿನಲ್ಲಿ ತಂಗಿಗೆ ಎಲ್ಲರಿಗಿಂತ ಹೆಚ್ಚು ಪೆಟ್ಟು. ಉಳಿದವರ ಕಟ್ಟು ಒಂದು ಸಲ ವಾಪಸಾದರೆ ಇವಳದು ನಾಲ್ಕು ಸಲ. ಒಮ್ಮೆ ಒಂದೇ ಒಂದು ಖಾಲಿ ಜಾಗ ಅಳಿಸಿದ್ದಕ್ಕೆ ಎಲ್ಲರಿಗೂ ಕಾಣುವಂತೆ ಅತ್ತೆ ಬರೆದಳು: 'ಇವರಿಗೆ ಬಾಚುವುದಕ್ಕೂ ಬದಲಿಸುವುದಕ್ಕೂ ವ್ಯತ್ಯಾಸ ತಿಳಿಯುವವರೆಗೆ ಕಾಯಂ ಮಾತು ಬೇಡ.' ಪಕ್ಕದ ಮೇಜಿನಲ್ಲಿ ರೇಡಿಯೋ ಎಂಬಾತ ಕೂರುತ್ತಿದ್ದ. ಆಫೀಸಿನ ಸುದ್ದಿಯೆಲ್ಲ ಮೊದಲು ಅವನ ಬಾಯಿಂದಲೇ ಹೊರಡುವುದು, ಅದಕ್ಕೆ ಆ ಹೆಸರು. "ಒಡಹುಟ್ಟಿದವಳಿಗೇ ಹೀಗಾದ್ರೆ, ನಾವೆಲ್ಲ ಪುಣ್ಯವಂತರು ಕಣ್ರಪ್ಪ!" ಎಂದು ಅವನು ನಕ್ಕ. ತಂಗಿಯೂ ನಕ್ಕಳು. ಬೇರೆ ಏನು ಮಾಡುವುದು? ಆಮೇಲೆ ಶೌಚಾಲಯಕ್ಕೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಳು.

ಪಟ್ಟು ಬಿಡದೆ ಕಲಿತಳು ಮಾತ್ರ. ಕೊನೆಕೊನೆಗೆ ಅವಳ ಕಟ್ಟುಗಳಲ್ಲಿ ಅತ್ತೆಗೂ ಕೊಂಕು ತೆಗೆಯಲು ಏನೂ ಸಿಗುತ್ತಿರಲಿಲ್ಲ. ಕಾಯಂ ಮಾಡುವ ಮಾತು ಮ್ಯಾನೇಜರ್ ಬಾಯಲ್ಲಿ ಬಂತು. ಆಗ ಅತ್ತೆ ಒಂದು ಹಳೆಯ ಫೈಲನ್ನು ತೆಗೆದು ತಂಗಿಯ ಮುಂದಿಟ್ಟಳು.

"ಇದನ್ನ ಬಾಚು. ಬರೀ ಬಾಚೋದು. ಒಂದಕ್ಷರ ಬದಲಾಯಿಸ್ಬಾರ್ದು. ಇದು ನೆಟ್ಟಗಾದ್ರೆ ನಿನ್ನ ವಿಷಯ ನಾನೇ ಹೇಳ್ತೀನಿ."

ಅದು ಗೋದಾಮಿನೊಳಗೆ ಸಿಕ್ಕಿಬಿದ್ದವರಿಗಾಗಿ ಗಂಟೆ ಹೊಡೆಯುವ ಫೈಲ್. ಎಂದೋ ಯಾರೋ ಬರೆದದ್ದು. ಬಂದವರೆಲ್ಲ ತಮ್ಮ ತಮ್ಮ ರೀತಿಯಲ್ಲಿ ಸಾಲುಗಳನ್ನು ತಳ್ಳಿದ್ದರು, ಒಬ್ಬರು ಒಂದು ಕೀಲಿ ಒತ್ತಿ, ಇನ್ನೊಬ್ಬರು ಇನ್ನೊಂದು. ಯಾವ ಸಾಲು ಯಾವುದರ ಕೆಳಗೆ ಬರುತ್ತದೆ ಎಂದು ಕಣ್ಣಿಗೆ ಹೇಳಲಾಗುತ್ತಿರಲಿಲ್ಲ. ಅದರ ಲೆಕ್ಕ ಸರಳ. ಒಳಗೆ ಆಳಿದ್ದಾನೆ, ಬಾಗಿಲು ಮುಚ್ಚಿದೆ ಎಂದಾದರೆ ನಿಮಿಷ ನಿಮಿಷಕ್ಕೂ ಎಣಿಕೆ ಏರುತ್ತದೆ, ಮಿತಿ ಮೀರಿದರೆ ಗಂಟೆ. ಆಳು ಹೊರಗೆ ಬಂದರೆ 'ಬಂದ' ಎಂದು ಬರೆದುಕೊಂಡು, ಎಣಿಕೆಯನ್ನು ಸೊನ್ನೆ ಮಾಡಬೇಕು. ಆ 'ಸೊನ್ನೆ ಮಾಡು' ಎಂಬ ಸಾಲು 'ಹೊರಗೆ ಬಂದರೆ' ಎಂಬುದರ ಒಳಗಿದೆಯೋ, ಹೊರಗಿದೆಯೋ? ತಂಗಿಗೆ ಖಾತ್ರಿಯಾಗಲಿಲ್ಲ. ಲೆಕ್ಕ ನೋಡಿದರೆ ಒಳಗೆ, ಉಳಿದ ಸಾಲುಗಳ ಅಳತೆ ನೋಡಿದರೆ ಹೊರಗೆ ಎನಿಸಿತು; ಹೇಳಿದ್ದು ಬರೀ ಬಾಚುವುದು ಎಂದು ಅಳತೆಯಂತೆ ಎಡಕ್ಕೆ ಸರಿಸಿದಳು. ಆದರೆ ಮನಸ್ಸು ಚುಚ್ಚಿತು. ಎದ್ದು ಅಕ್ಕನ ಮೇಜಿಗೆ ಹೋದಳು.

"ಅಕ್ಕಾ, ಈ ಒಂದು ಸಾಲು ಮಾತ್ರ ನಂಗೆ ಅನುಮಾನ. ಒಂದ್ಸಲ ಸರಿಯಾಗಿ ನೋಡ್ತೀಯಾ?"

ಅತ್ತೆ ತಲೆ ಎತ್ತಲಿಲ್ಲ. "ಕಟ್ಟಿನ ಮೇಲೆ ಏನಂತ ಬರ್ದಿದ್ದೀಯ?"

"ಬಾಚಿದ್ದು ಅಂತ."

"ಬಾಚಿದ್ದನ್ನ ನಾನು ಸಾಲು ಸಾಲು ಓದಲ್ಲ. ಅದಕ್ಕೇ ಅಲ್ವಾ ಬೇರೆ ಮಾಡ್ಸೋದು? ಇಷ್ಟು ದಿನ ಕಲ್ತಿದ್ದು ಇದೇನಾ? ಹೋಗು, ಕಳ್ಸು."

ರೇಡಿಯೋ ಕಿವಿಗೆ ಹಾಕಿಕೊಂಡಿದ್ದ ಹೆಡ್‌ಫೋನ್ ಒಂದು ಕಡೆ ಸರಿಸಿ ಕೇಳಿಸಿಕೊಂಡ. ತಂಗಿ ಕಟ್ಟು ಕಳಿಸಿದಳು. ಅತ್ತೆಯ ಪರದೆಯಲ್ಲಿ ಒಂದು ಗುಂಡಿ ಇತ್ತು. ಅದನ್ನು ಒತ್ತಿದರೆ ಖಾಲಿ ಜಾಗದ ವ್ಯತ್ಯಾಸಗಳೆಲ್ಲ ಮರೆಯಾಗಿ, ಅಕ್ಷರ ಬದಲಾದದ್ದು ಮಾತ್ರ ಉಳಿಯುತ್ತದೆ. ಒತ್ತಿದಳು. ಬಣ್ಣವೆಲ್ಲ ಹೋಗಿ ಪರದೆ ಬೆಳ್ಳಗಾಯಿತು. ಒಂದಕ್ಷರವೂ ಬದಲಾಗಿಲ್ಲ. ಒಪ್ಪಿದಳು, ಟೀ ತರಲು ಎದ್ದಳು.

ಆ ಪ್ರೋಗ್ರಾಂ ಬರೆದ ಭಾಷೆಯಲ್ಲಿ ಖಾಲಿ ಜಾಗ ಬರೀ ನೋಟವಲ್ಲ ಎಂಬುದು ಅತ್ತೆಗೆ ತಿಳಿಯದ ವಿಷಯವಲ್ಲ. ಸಾಲು ಎಲ್ಲಿ ನಿಂತಿದೆ ಎಂಬುದೇ ಅಲ್ಲಿ ಅರ್ಥ. ಒಳಗೆ ನಿಂತರೆ ಶರತ್ತಿಗೆ ಒಳಪಟ್ಟದ್ದು, ಎಡಕ್ಕೆ ಸರಿದರೆ ಯಾರ ಹಂಗೂ ಇಲ್ಲ. ಹೊಸದಾಗಿ ಕಲಿಯುವವರಿಗೆ ಮೊದಲು ಹೇಳಿಕೊಡುವ ಪಾಠ ಅದು. ಆದರೆ 'ಬಾಚಿದ್ದು' ಎಂಬ ಹಣೆಪಟ್ಟಿ ಕಂಡರೆ ಅವಳ ಕಣ್ಣು ತಾನೇ ಮುಚ್ಚಿಕೊಳ್ಳುವಷ್ಟು ಶಾಸನ ಅವಳನ್ನೇ ಆಳುತ್ತಿತ್ತು. ಬಾಚಿದ ಕಟ್ಟಿಗೆ ಪರೀಕ್ಷೆಯೂ ಬೇಡ ಎಂದು ಪರೀಕ್ಷೆ ಮಾಡುವವರಿಗೆ ಬರೆದುಕೊಟ್ಟವಳೂ ಅವಳೇ.

ಅಂದಿನಿಂದ ಆ ಪ್ರೋಗ್ರಾಂ ನಿಮಿಷ ನಿಮಿಷಕ್ಕೂ ಎಣಿಕೆಯನ್ನು ಸೊನ್ನೆ ಮಾಡತೊಡಗಿತು, ಆಳು ಹೊರಗೆ ಬಂದರೂ, ಬಾರದಿದ್ದರೂ. ಗಂಟೆ ಹೊಡೆಯುವ ಮಾತೇ ಇಲ್ಲ. ಯಾರೂ ಒಳಗೆ ಸಿಕ್ಕಿಬೀಳದೆ ಇರುವಷ್ಟು ಕಾಲ ಯಾರಿಗೂ ಅದು ಗೊತ್ತಾಗಲಿಲ್ಲ.

ಒಂದು ಸಂಜೆ ಒಂದು ಗೋದಾಮಿನಲ್ಲಿ ಮೀನಿನ ಪೆಟ್ಟಿಗೆ ಜೋಡಿಸುವವನೊಬ್ಬ ಒಳಗಿದ್ದಾಗ ಬಾಗಿಲು ಮುಚ್ಚಿಕೊಂಡಿತು. ಒಳಗಿನ ಹಿಡಿ ಮಂಜುಗಟ್ಟಿ ತಿರುಗಲಿಲ್ಲ. ಬಡಿದ, ಕೂಗಿದ. ದಪ್ಪ ಬಾಗಿಲು ಏನನ್ನೂ ಆಚೆ ಬಿಡಲಿಲ್ಲ. ಕಾವಲುಗಾರ ತನ್ನ ಕೋಣೆಯಲ್ಲಿ ಗಂಟೆಯ ಕೆಳಗೇ ಕೂತಿದ್ದ. ಗಂಟೆ ಸುಮ್ಮನಿದೆ ಎಂದರೆ ಎಲ್ಲ ಸರಿ ಎಂದೇ ಅವನಿಗೆ ಹೇಳಿಕೊಟ್ಟಿದ್ದರು. ಬೆಳಿಗ್ಗೆ ಬಂದವರು ಬಾಗಿಲು ತೆರೆದಾಗ ಆಳು ಪೆಟ್ಟಿಗೆಗಳ ನಡುವೆ ಮುದುಡಿ ಬಿದ್ದಿದ್ದ. ಜೀವ ಇತ್ತು. ಎರಡೂ ಕೈಯ ಬೆರಳುಗಳನ್ನು ಆಮೇಲೆ ಆಸ್ಪತ್ರೆಯಲ್ಲಿ ತೆಗೆದರು.

ಸುದ್ದಿ ಬಂದಾಗ ತಂಗಿ ಫೈಲ್ ತೆರೆದು ನೋಡಿದಳು. ಆ ಸಾಲು ಅಲ್ಲೇ ಇತ್ತು, ಅವಳು ಇಟ್ಟಲ್ಲೇ. ಮಧ್ಯಾಹ್ನವೇ ಆಸ್ಪತ್ರೆಗೆ ಹೊರಟಳು. ಮೆಟ್ಟಿಲ ಬಳಿ ಅಕ್ಕ ತೋಳು ಹಿಡಿದಳು.

"ಎಲ್ಲಿಗೆ? ಹೋದ್ರೆ ತಪ್ಪು ಒಪ್ಪಿಕೊಂಡ ಹಾಗೆ."

"ತಪ್ಪು ಆಗಿದೆಯಲ್ಲಾ ಅಕ್ಕಾ."

"ಬಾಯಿ ಮುಚ್ಚು. ಬುದ್ಧಿ ಇದ್ಯಾ ನಿಂಗೆ?"

ತಂಗಿ ತೋಳು ಬಿಡಿಸಿಕೊಂಡು ಹೋದಳು. ಅವನಿಗೆ ಅವನ ಹೆಂಡತಿ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು. ಬಟ್ಟೆ ಸುತ್ತಿದ ಕೈಗಳು ದಿಂಬಿನ ಮೇಲೆ ಇದ್ದವು. ತಂಗಿ ತಾನು ಯಾರೆಂದು ಹೇಳಿದಳು. ಹೆಂಡತಿ ಚಮಚ ಕೆಳಗಿಟ್ಟಳು, ಬೈಯಲೂ ಇಲ್ಲ, ಅಳಲೂ ಇಲ್ಲ. "ಗಂಟೆ ಯಾಕೆ ಹೊಡೀಲಿಲ್ಲ, ಅಷ್ಟು ಹೇಳಮ್ಮ," ಎಂದಳು. ತಂಗಿ ಹೇಳಲು ಹೋದಳು. ಸಾಲು, ಖಾಲಿ ಜಾಗ, ಬಾಚಿದ್ದು... ಮಾತುಗಳು ಅಲ್ಲಿ ಎಷ್ಟು ಅಸಹ್ಯವಾಗಿ ಕೇಳಿಸಿದವೆಂದರೆ ಅರ್ಧಕ್ಕೇ ನಿಲ್ಲಿಸಿದಳು.

ವಿಚಾರಣೆ ಗಾಜಿನ ಗೋಡೆಯ ಕೋಣೆಯಲ್ಲಿ ನಡೆಯಿತು. ಮ್ಯಾನೇಜರ್, ಗೋದಾಮಿನ ಕಡೆಯವರೊಬ್ಬರು, ಅತ್ತೆ, ತಂಗಿ, ಮತ್ತು ನಡೆದದ್ದನ್ನು ಬರೆದುಕೊಳ್ಳಲು ರೇಡಿಯೋ. ತಂಗಿ ತಾನಾಗಿಯೇ ಬಾಯಿಬಿಟ್ಟಳು. "ಸಾಲು ಸರಿಸಿದ್ದು ನಾನೇ. ನಂಗೆ ಅನುಮಾನ ಇತ್ತು. ಆದ್ರೂ ಕಳಿಸ್ದೆ." ಅಷ್ಟು ಹೇಳಿ ಅಕ್ಕನ ಕಡೆ ತಿರುಗಿದಳು. ಉಳಿದರ್ಧ ಅಕ್ಕನದು, ಅದನ್ನು ಅಕ್ಕನೇ ಹೇಳಲಿ ಎಂದು ಬಿಟ್ಟಿದ್ದಳು. ಅಷ್ಟು ನಂಬಿಕೆ ಅವಳಲ್ಲಿ ಇನ್ನೂ ಉಳಿದಿತ್ತು ಎಂಬುದೇ ಆಶ್ಚರ್ಯ.

ಮ್ಯಾನೇಜರ್ ಕೇಳಿದ. "ನಿಮ್ಮ ಕಣ್ಣು ತಪ್ಪಿಸಿ ಇದು ಹೇಗೆ ಹೋಯ್ತು?"

ಅತ್ತೆ ಬೆನ್ನು ನೆಟ್ಟಗೆ ಮಾಡಿಕೊಂಡಳು. "ಬಾಚಿದ್ದು ಅಂತ ಬರ್ದು ಕಳ್ಸಿದ್ರು. ಒಳಗೆ ಕೆಲ್ಸವೇ ಬದಲಾಗಿತ್ತು. ಎರಡನ್ನೂ ಬೆರೆಸ್ಬಾರ್ದು ಅನ್ನೋದು ಈ ಆಫೀಸಿನ ಮೊದಲ್ನೇ ನಿಯಮ. ನಿಯಮ ಮುರ್ದಿದಾರೆ."

"ಅನುಮಾನ ಇತ್ತು ಅಂತಿದಾರೆ. ನಿಮ್ಗೆ ಹೇಳಿದ್ರಾ?"

ಅತ್ತೆಯ ಮನಸ್ಸಿನಲ್ಲಿ ಆಗ ಏನೇನು ಓಡಿತು ಎಂಬುದನ್ನು ಮರೆಮಾಚುವುದರಲ್ಲಿ ಅರ್ಥವಿಲ್ಲ. ಹೌದು ಎಂದರೆ ತನ್ನ ಕುರ್ಚಿ ಹೋಗಬಹುದು, ಅದು ಮೊದಲ ಹೆದರಿಕೆ. ತನ್ನ ಕಣ್ಣಿನ ಬಗ್ಗೆ ಇಷ್ಟು ವರ್ಷ ಜನ ಆಡಿಕೊಂಡ ಹೊಗಳಿಕೆ ಮಣ್ಣುಪಾಲು, ಅದು ಎರಡನೆಯದು. ಮೂರನೆಯದು ಹೆದರಿಕೆಯಲ್ಲ, ಲೆಕ್ಕಾಚಾರ: ಇವಳ ಕೆಲಸ ಹೋದರೆ ಔಷಧಿ ಅಂಗಡಿಯ ಮೇಲಿನ ಕೋಣೆಯೂ ಹೋಯಿತು. ಹಿಂದಿನ ಕೋಣೆ ಬಿಟ್ಟು ಇವಳಿಗೆ ಬೇರೆ ಗತಿ ಏನು?

"ಇಲ್ಲ," ಎಂದಳು.

ರೇಡಿಯೋ ಒಂದು ಕ್ಷಣ ಬೆರಳು ನಿಲ್ಲಿಸಿದ. ಅವನಿಗೂ ಸಂಸಾರವಿತ್ತು, ಅವನ ಕಟ್ಟುಗಳೂ ನಾಳೆ ಅತ್ತೆಯ ಮುಂದೆಯೇ ಹೋಗಬೇಕಿತ್ತು. 'ಇಲ್ಲ' ಎಂದು ಬರೆದುಕೊಂಡ. ಊರ ಸುದ್ದಿಯೆಲ್ಲ ಬಿತ್ತರಿಸುವ ರೇಡಿಯೋ ಅಂದು ಮಾತ್ರ ಕೆಟ್ಟುಹೋಗಿತ್ತು. ತಂಗಿ ಅಕ್ಕನ ಮುಖವನ್ನು ನೋಡುತ್ತಲೇ ಇದ್ದಳು, ಅತ್ತೆ ನೀರಿನ ಲೋಟಕ್ಕೆ ಕೈ ಚಾಚುವವರೆಗೂ.

ಅಂದೇ ತಂಗಿಯನ್ನು ಕೆಲಸದಿಂದ ತೆಗೆದರು. ಅತ್ತೆಯ ಮಾನ ಹೋಗುವುದಿರಲಿ, ಇಮ್ಮಡಿಯಾಯಿತು. "ಸ್ವಂತ ತಂಗಿ ಅಂತ ಕೂಡ ನೋಡ್ಲಿಲ್ಲ ನೋಡಿ," ಎಂದು ಗೋದಾಮಿನ ಕಡೆಯವರು ಲಿಫ್ಟಿನಲ್ಲಿ ಮ್ಯಾನೇಜರ್‌ಗೆ ಹೇಳಿದರಂತೆ. "ಇಂಥೋರು ಇದ್ರೆ ನಂಬಬಹುದು." ಆ ಮಾತು ಅತ್ತೆಯ ಕಿವಿಗೂ ಬಿತ್ತು. ಸಂಕೋಚಪಡಬೇಕಾಗಿದ್ದ ಹೆಂಗಸು ಒಳಗೊಳಗೇ ಉಬ್ಬಿದಳು.

ಸಂಜೆ ಮನೆಗೆ ಬಂದಾಗ ತಂಗಿ ಸೂಟ್‌ಕೇಸಿಗೆ ಬಟ್ಟೆ ತುಂಬುತ್ತಿದ್ದಳು. ಅಕ್ಕ ಬಾಗಿಲಲ್ಲಿ ನಿಂತಳು. ಅಳು, ಬೈಗುಳ, ಶಾಪ ಎಲ್ಲಕ್ಕೂ ದಾರಿಯುದ್ದಕ್ಕೂ ಉತ್ತರ ಕಟ್ಟಿಕೊಂಡು ಬಂದಿದ್ದಳು. ಯಾವುದೂ ಉಪಯೋಗಕ್ಕೆ ಬರಲಿಲ್ಲ.

"ಅಕ್ಕಾ, ಒಂದು ಕೇಳ್ಲಾ? ಕೋಪ ಇಲ್ಲ. ಸುಮ್ನೆ ತಿಳ್ಕೊಳ್ಳೋಕೆ."

"ಏನು?"

"ಅವತ್ತು ನಾನು ಕೇಳ್ದಾಗ ನೀನು ನೋಡಿದ್ರೆ, ನಿಂಗೆ ಗೊತ್ತಾಗ್ತಿತ್ತಾ?"

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಸುಳ್ಳು ಹೇಳುವುದು ಅಂದು ಹೊಸದೇನೂ ಆಗಿರಲಿಲ್ಲ. ಆದರೆ ಪ್ರಶ್ನೆ ತಂಗಿಯದಲ್ಲ, ತನ್ನ ಕಣ್ಣಿನದು ಎಂದು ಅತ್ತೆಗೆ ಕೇಳಿಸಿತು. ಅಲ್ಲಿ ಅವಳು ಸೋಲುವವಳಲ್ಲ.

"ಗೊತ್ತಾಗದೆ ಏನು? ಒಂದೇ ನೋಟಕ್ಕೆ ಹಿಡೀತಿದ್ದೆ."

ತಂಗಿ ಸೂಟ್‌ಕೇಸಿನ ಜಿಪ್ ಎಳೆದಳು. "ಅದನ್ನ ಅಲ್ಲಿ ಹೇಳ್ಬೇಕಿತ್ತು," ಎಂದಳು. ಅಕ್ಕನನ್ನು ಪಕ್ಕಕ್ಕೆ ಸರಿಸಿ ಹೊರಗೆ ಹೋದಳು.

ಒಂದು ವಾರ ಅತ್ತೆ ಕಾದಳು. ಗೆಳತಿಯರು ಎಷ್ಟು ದಿನ ಇಟ್ಟುಕೊಂಡಾರು, ಬರುತ್ತಾಳೆ ಎಂದು. ಎರಡನೆಯ ವಾರದಲ್ಲಿ ಆಫೀಸಿಗೆ ಒಂದು ಫೋನ್ ಬಂತು. ಬೇರೊಂದು ಕಂಪನಿಯವರು. ತಂಗಿ ಅಲ್ಲಿ ಕೆಲಸ ಕೇಳಿದ್ದಳಂತೆ, ತನ್ನಿಂದಾದ ತಪ್ಪನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದಳಂತೆ. ಹುಡುಗಿ ಪ್ರಾಮಾಣಿಕಳು ಅನಿಸಿತು, ತಗೊಳ್ಳೋಣ ಅಂತಿದ್ದೀವಿ, ಕಟ್ಟು ನೋಡುತ್ತಿದ್ದವರು ನೀವೇ ಅಲ್ಲವೇ, ನಿಮ್ಮ ಮಾತು ಒಂದು ಕೇಳೋಣವೆಂದು, ಎಂದರು ಆ ಕಡೆಯವರು.

ಎರಡನೆಯ ಸಲ ಇಂಥ ಅವಕಾಶ ಎಲ್ಲರಿಗೂ ಸಿಗುವುದಿಲ್ಲ. ಅಲ್ಲಿ ಮ್ಯಾನೇಜರ್ ಇರಲಿಲ್ಲ, ಬರೆದುಕೊಳ್ಳುವವರು ಇರಲಿಲ್ಲ, ಕಳೆದುಕೊಳ್ಳುವಂಥದ್ದು ಏನೂ ಇರಲಿಲ್ಲ. ಒಂದು ಒಳ್ಳೆಯ ಮಾತು ಸಾಕಿತ್ತು.

"ತಂಗಿ ಅನ್ನೋದನ್ನ ಪಕ್ಕಕ್ಕಿಟ್ಟು ಹೇಳ್ತೀನಿ," ಎಂದಳು ಅತ್ತೆ. "ಕೆಲ್ಸ ಗೊತ್ತು. ಆದ್ರೆ ನಂಬೋಕಾಗಲ್ಲ. ನಾನಾಗಿದ್ರೆ ತಗೊಳ್ತಿರ್ಲಿಲ್ಲ."

ಆ ಕಡೆಯವರು ಉಪಕಾರವಾಯಿತು ಎಂದು ಫೋನ್ ಇಟ್ಟರು. ಅತ್ತೆಗೆ ಎದೆ ಹಗುರಾಯಿತು. ಇನ್ನು ಬಾರದೆ ಎಲ್ಲಿಗೆ ಹೋಗುತ್ತಾಳೆ ಎಂದುಕೊಂಡಳು. ಉಳಿದ ಕಟ್ಟುಗಳನ್ನು ಬೇಗಬೇಗ ಮುಗಿಸಿ, ಎಂದೂ ಇಲ್ಲದವಳು ಅಂದು ಹೊತ್ತಿಗೆ ಮುಂಚೆ ಆಫೀಸಿನಿಂದ ಹೊರಟಳು. ಮನೆಗೆ ಬಂದು, ಹಿಂದಿನ ಕೋಣೆಯ ಕಿಟಕಿ ತೆರೆದು, ಮಂಚಕ್ಕೆ ಒಗೆದ ಹೊದಿಕೆ ಹಾಸಿದಳು.